ಕಿಟಕಿಗುಡ್ಡಕ್ಕೆ ಆ ಹೆಸರು ಬಂದದ್ದು

ಮುರಗೋಳದ ಸಂತೆಪೇಟೆ ದಾಟಿ ಮೂಡಲಿಗೆ ನಡೆದರೆ ಒಂದು ಬೋಳುಗುಡ್ಡ ಸಿಗುತ್ತದೆ. ಕುರುಚಲು ಕಂಟಿ, ಕಲ್ಲು, ಮೇಯುವ ಆಡು. ಗುಡಿಯಿಲ್ಲ, ದರ್ಗಾ ಇಲ್ಲ. ತುದಿಯ ಅಂಚಿನಲ್ಲಿ ಕರಿಕಲ್ಲಿನ ಒಂದೇ ಗೋಡೆ ನಿಂತಿದೆ. ಊರವರು ಇದನ್ನು ಕಿಟಕಿಗುಡ್ಡ ಎನ್ನುತ್ತಾರೆ. ಮೊದಲು ಇದಕ್ಕೆ ಹೆಸರೇ ಇರಲಿಲ್ಲವಂತೆ. ಹಿಂದೆ ಒಮ್ಮೆ, ಮುರಗೋಳವನ್ನು ಸಂಸ್ಥಾನಿಕರು ಆಳುತ್ತಿದ್ದಾಗ, ಚೆಕ್ ನಾಡಿನಿಂದ ಒತಾಕರ್ ಎಂಬ ಸಾಹೇಬ ಬಂದ. ಕಟ್ಟಡದ ನಕ್ಷೆ ಬರೆಯುವುದು ಅವನ ಕಸುಬು. ತನ್ನ ನಾಡಿನಲ್ಲಿ ಗಾಜು, ಸಿಮೆಂಟಿನ ಬೆಳಕು ತುಂಬಿದ ಮನೆಗಳನ್ನು ಕಟ್ಟಿದವನು. ಇಲ್ಲಿ ಅರಸರಿಗೆ ಸಾಲೆ ಕಟ್ಟಿಕೊಟ್ಟ, ಸಂತೆಪೇಟೆ ಕಟ್ಟಿಕೊಟ್ಟ. ಹೆಂಡತಿ ಲುದ್ಮಿಲಾ ಜೊತೆಗಿದ್ದಳು. ಸಂತೆಯಲ್ಲಿ ಕೂತು ಬದನೆಕಾಯಿಗೆ ಚೌಕಾಸಿ ಮಾಡುವಷ್ಟು ಕನ್ನಡ ಅವಳಿಗೆ ಬಂದಿತ್ತು ಎನ್ನುತ್ತಾರೆ. ಆಮೇಲೆ ಅವಳಿಗೆ ಕ್ಷಯ ಹತ್ತಿತು.

ನಾಡಿಗೆ ಕರಕೊಂಡು ಹೋಗು ಎಂದರು ಡಾಕ್ಟರು. ಹೋಗಲು ನಾಡು ಉಳಿದಿರಲಿಲ್ಲ. ಅದು ಪರರ ಸೈನ್ಯದ ಕೈಸೇರಿದ ಸುದ್ದಿ ಅದೇ ಬೇಸಿಗೆಯಲ್ಲಿ ಬಂದಿತ್ತು. ಹಾಗಾದರೆ ಎತ್ತರದಲ್ಲಿ, ಗಾಳಿಯಲ್ಲಿ ಇಡು ಎಂದರು. ಒತಾಕರ್ ಅರಸರಲ್ಲಿ ಈ ಗುಡ್ಡ ಬೇಡಿಕೊಂಡ. ಗರಿಯ ಚಪ್ಪರ ಹಾಕಿ ಅವಳ ಮಂಚ ಇಟ್ಟ. ಮಳೆ ಹಿಡಿಯುವುದರೊಳಗೆ ಅದರ ಸುತ್ತ ಒಂದು ಕೋಣೆ ಏಳಬೇಕು. ಇಲ್ಲದಿದ್ದರೆ ಅವಳು ಉಳಿಯುವುದಿಲ್ಲ. ಅದು ಅವನಿಗೂ ಗೊತ್ತು, ಗೋಡೆ ಕಟ್ಟಲು ಬಂದ ಗೌಂಡಿ ದಾವಲಸಾಬನಿಗೂ ಗೊತ್ತು. ನಮ್ಮ ಕಡೆ ಮನೆ ಕಟ್ಟುವಾಗ ಮೊದಲು ಬಾಗಿಲ ಚೌಕಟ್ಟು ನಿಲ್ಲಿಸುತ್ತಾರೆ. ಅದಕ್ಕೆ ಖಣದ ಬಟ್ಟೆ ಕಟ್ಟಿ, ಕಾಯಿ ಒಡೆದು, ಆಮೇಲೆ ಗೋಡೆ. ಒತಾಕರ್ ಮೊದಲು ಕಿಟಕಿ ಇಡು ಎಂದ.

"ಬಾಗಿಲ ಬಿಟ್ಟು ಕಿಟಕಿ ಇಟ್ಟರ ಕಳ್ಳರ ಮನಿ ಆಗ್ತೈತ್ರೀ ಸಾಹೇಬ್ರ" ಎಂದ ದಾವಲಸಾಬ.

"ಮಲಗಿದವಳಿಗೆ ಬಾಗಿಲು ಯಾಕೆ?" ಎಂದ ಒತಾಕರ್. "ಸಂತೆ ಕಾಣಬೇಕು. ಮಂದಿ ಕಾಣಬೇಕು."

ಕಿಟಕಿ ಕೂತಿತು. ಲುದ್ಮಿಲಾ ದಿಂಬುಗಳಿಗೆ ಒರಗಿ ಕೂತು ನೋಡಿದಳು. "ಮಂದಿ ಕಡಿಮೆ. ಬದನೆಕಾಯಿ ತುಟ್ಟಿ ಆಗಿರಬೇಕು" ಎಂದು ನಕ್ಕಳು. ಕೆಲವು ವಾರಕ್ಕೆ ಅವಳಿಗೆ ಕೂರಲು ಆಗಲಿಲ್ಲ. ತಲೆಯಡಿ ಒಂದೇ ದಿಂಬು ಉಳಿಯಿತು. ಆ ಎತ್ತರಕ್ಕೆ ಬರೀ ಆಕಾಶ ಕಾಣುತ್ತಿತ್ತು. ಒತಾಕರ್ ಅವಳ ಪಕ್ಕದಲ್ಲಿ ತಲೆಯಿಟ್ಟು ನೋಡಿದ. ಎದ್ದು ಬಂದು ಚೌಕಟ್ಟು ಕೀಳಿಸಿದ. ಕೆಳಗಿನ ಒಂದು ಸಾಲು ಕಲ್ಲು ತೆಗೆಸಿ ಮತ್ತೆ ಇಡಿಸಿದ. ಮುಂದೆ ಆ ದಿಂಬೂ ಹೋಯಿತು. ಮತ್ತೆ ಕೀಳಿಸಿದ. ಉಳಿದ ಗೋಡೆಗಳು ಪಾಯದಲ್ಲೇ ನಿಂತವು. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಮಂಚದ ಮೇಲೂ ಇರಲಾರದಾದಾಗ ಅವಳನ್ನು ನೆಲದ ಚಾಪೆಗೆ ಇಳಿಸಿದರು. ಕಿಟಕಿ ಇನ್ನೂ ತಗ್ಗಿಸು ಎಂದು ಒತಾಕರ್ ಇನ್ನೊಮ್ಮೆ ಹೇಳಿದಾಗ ದಾವಲಸಾಬ ಗಾರೆ ಮೆತ್ತುವ ಕರಣೆ ಕೆಳಗಿಟ್ಟ. "ಕಿಟಕಿ ಸರಿ ಐತ್ರೀ ಸಾಹೇಬ್ರ. ತಗ್ಗಾಕತ್ತಿದ್ದು ಅದಲ್ಲ. ಮೊದಲ ಮ್ಯಾಲ ಏನರ ಹೊಚ್ಚೂಣ್ರೀ" ಎಂದ. ಒತಾಕರ್ ಕಲ್ಲಿನ ಮೇಲೆ ಕೈಯಿಟ್ಟ. "ಗೊತ್ತು ದಾವಲ್. ಅವಳನ್ನು ಎಬ್ಬಿಸಿ ಕೂರಿಸಲು ನನಗೆ ಬರುವುದಿಲ್ಲ. ಇದು ಬರುತ್ತದೆ. ಇಡು" ಎಂದ. ದಾವಲಸಾಬ ಇಟ್ಟ. ಚೌಕಟ್ಟು ಹೆಚ್ಚುಕಡಿಮೆ ನೆಲಕ್ಕೇ ತಾಗಿತು. ಆ ಮಂಗಳವಾರ, ಸಂತೆಯ ದಿನ, ಲುದ್ಮಿಲಾ ದಿನವಿಡೀ ಸಂತೆ ನೋಡಿದಳು. ಆ ವಾರ ಮಳೆ ಬಂತು. ಚಪ್ಪರ ತಡೆಯಲಿಲ್ಲ, ಅವಳೂ ತಡೆಯಲಿಲ್ಲ.

ಅವಳ ಮಣ್ಣು ಮುಗಿದ ಮೇಲೆ ದಾವಲಸಾಬ ಹೋಗಿ, "ಬಾಗಿಲ ಎಲ್ಲಿ ಇಡೂಣ್ರೀ?" ಎಂದು ಕೇಳಿದನಂತೆ. ಬೇರೆ ಏನು ಕೇಳಬೇಕೆಂದು ಅವನಿಗೆ ತಿಳಿದಿರಲಿಲ್ಲ. ಒತಾಕರ್ ನಾಲ್ಕೂ ಕಡೆ ನೋಡಿದ. ಹಾಗೇ ಗುಡ್ಡ ಇಳಿದ. ಮುಂಬಯಿಗೆ ಹೋದ ಎನ್ನುತ್ತಾರೆ, ಹಡಗು ಹತ್ತಿದ ಎನ್ನುತ್ತಾರೆ. ಪಾಯದ ಕಲ್ಲನ್ನು ಊರವರು ಕೊಟ್ಟಿಗೆಗೆ, ಬಾವಿಗೆ ಒಯ್ದರು. ಈ ಗೋಡೆಯನ್ನು ಯಾರೂ ಮುಟ್ಟಲಿಲ್ಲ. ಈಗಲೂ ನೋಡಲು ಬಂದವರು ನಗುತ್ತಾರೆ, ಯಾವ ಗೌಂಡಿ ಕುಡಿದು ಇಟ್ಟನೋ ಎನ್ನುತ್ತಾರೆ. ನಿಂತವರಿಗೆ ಆ ಕಿಟಕಿಯಲ್ಲಿ ತಮ್ಮ ಕಾಲ ಹತ್ತಿರದ ಹುಲ್ಲು ಮಾತ್ರ ಕಾಣುತ್ತದೆ. ಮೊಣಕಾಲೂರಿದರೆ ಅರ್ಧ ಬಯಲು. ಬರೀ ನೆಲದ ಮೇಲೆ ಮೈಚಾಚಿ, ಕೆನ್ನೆ ಕಲ್ಲಿಗೆ ಒತ್ತಿದರೆ ಪೇಟೆಯೆಲ್ಲ ಕಾಣುತ್ತದೆ. ಮಂಗಳವಾರವಾದರೆ ಮಂದಿಯೂ ಕಾಣುತ್ತಾರೆ.