ಆಲೆಮನೆಯ ಒಲೆ

"ಗುರುಗಳೇ, ಹತೋಟಿಯಲ್ಲಿ ಎಷ್ಟು ಬಗೆ?" ಎಂದು ಮರುಳಸಿದ್ಧ ಕೇಳಿದ.

ಗುರುಗಳು ಅವನಿಗೆ ಶಾಖಾಮಠದ ಮಕ್ಕಳನ್ನು ಒಪ್ಪಿಸಿದ್ದರು. ಪಾಠಕ್ಕೊಂದು ಗಂಟೆ, ಊಟಕ್ಕೊಂದು ಗಂಟೆ, ಮಲಗುವುದಕ್ಕೊಂದು ಗಂಟೆ ಹೊಡೆಯುತ್ತಿದ್ದ. ಯಾವುದನ್ನೂ ಅವನು ತಪ್ಪಿಸಿರಲಿಲ್ಲ. ಆದರೂ ಮೊನ್ನೆ ಒಬ್ಬ ಹುಡುಗ ಊರಿಗೆ ಓಡಿಹೋಗಿದ್ದ. ಉಳಿದವರೂ ಅದೇ ದಾರಿ ಹಿಡಿದರೆ ಗುರುಗಳಿಗೆ ಏನು ಮುಖ ತೋರಿಸುವುದು? ಬಿಗಿ ಹಿಡಿಯಬೇಕೋ ಸಡಿಲ ಬಿಡಬೇಕೋ ತಿಳಿಯದೆ ನಡೆದು ಬಂದಿದ್ದ.

ಗುರುಗಳು ಬೆಲ್ಲ ನೀರು ಕೊಟ್ಟು, ಅವನ ದಣಿವಾರಿದ ಮೇಲೆ ಹೇಳಿದರು:

"ಒಬ್ಬ ರೈತನಿಗೆ ಆಲೆಮನೆ ಇತ್ತು. ಅವನ ಬೆಲ್ಲಕ್ಕೆ ಸುತ್ತಲ ಊರುಗಳಲ್ಲಿ ಒಳ್ಳೆಯ ಹೆಸರು. ಒಲೆ ಕಾಯುತ್ತಿದ್ದ ಮುದುಕ ತೀರಿಕೊಂಡ. ಆ ಹೆಸರು ಉಳಿಸುವವರು ಬೇಕಾದರು.

"ಮೊದಲು ಬಂದವನು ಕೊಪ್ಪರಿಗೆಗೆ ಇಷ್ಟು ಹೊರೆ ಒಣಗಿದ ಕಬ್ಬಿನ ಸಿಪ್ಪೆ ಎಂದು ಎಣಿಸಿ ಒಲೆಗೆ ಹಾಕುತ್ತಿದ್ದ. ತಲೆಯೆತ್ತಿ ಪಾಕ ನೋಡುತ್ತಿರಲಿಲ್ಲ. ಬೆಲ್ಲ ಚೆನ್ನಾಗಿಯೇ ಬರುತ್ತಿತ್ತು. ಒಮ್ಮೆ ಮಳೆಯ ಮಾರನೆಯ ದಿನ ಕಬ್ಬು ಕಡಿದರು. ಕಬ್ಬಿನ ಹಾಲು ತೆಳುವಾಗಿತ್ತು, ಹೆಚ್ಚು ಉರಿ ಬೇಕಿತ್ತು. ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಕೈಗಂಟಿತು. 'ನನ್ನ ಲೆಕ್ಕ ತಪ್ಪಿಲ್ಲ ಗೌಡ್ರೇ' ಎಂದ. ನಿಜ, ಅವನ ಲೆಕ್ಕ ತಪ್ಪಿರಲಿಲ್ಲ. ಕೆಟ್ಟದ್ದು ಬೆಲ್ಲ ಮಾತ್ರ.

"ಎರಡನೆಯವನು ಪಾಕದ ಮೇಲಿಟ್ಟ ಕಣ್ಣು ಕೀಳುತ್ತಿರಲಿಲ್ಲ. ನೊರೆ ಇಳಿದರೆ ಸಿಪ್ಪೆ ತುರುಕುತ್ತಿದ್ದ, ಏರಿದರೆ ಎಳೆದು ಹಾಕುತ್ತಿದ್ದ. ಆದರೆ ಹಾಕಿದ ಉರಿ ಕೊಪ್ಪರಿಗೆಗೆ ತಲುಪಲು ಹೊತ್ತು ಬೇಕು. ತಲುಪುವ ಮುಂಚೆಯೇ ಅವನು ಮತ್ತಷ್ಟು ತುರುಕಿರುತ್ತಿದ್ದ. ಒಮ್ಮೆ ಉಕ್ಕಿತು, ಒಮ್ಮೆ ಆರಿತು, ಕೊನೆಗೆ ಸೀದೇ ಹೋಯಿತು.

"ಆಮೇಲೆ ರೈತನ ಅತ್ತಿಗೆ ಒಲೆಯ ಮುಂದೆ ಕೂತಳು. ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡುತ್ತಿದ್ದಳು. ಬೇಕೆನಿಸಿದರೆ ಒಂದು ಹಿಡಿ ಸಿಪ್ಪೆ. ಆ ಬಿಸಿ ಮೇಲೇರುವವರೆಗೆ ಸುಮ್ಮನೆ ಕಾಯುತ್ತಿದ್ದಳು. ಮಳೆ ಬರಲಿ ಬಿಸಿಲಿರಲಿ, ಬೆಲ್ಲ ಹದವಾಗಿ ಬಂತು."

"ಆ ಇಬ್ಬರನ್ನೂ ಕಳಿಸಿಬಿಟ್ಟನೇ?"

"ಯಾಕೆ ಕಳಿಸಬೇಕು? ಎಣಿಸುವವನಿಗೆ ಅಚ್ಚು ತುಂಬುವ ಕೆಲಸ ಕೊಟ್ಟ. ಅಲ್ಲಿ ಅಳತೆ ಒಂದೇ. ಒಂದು ಅಚ್ಚೂ ಹೆಚ್ಚು ಕಡಿಮೆಯಾಗಲಿಲ್ಲ. ಆತುರದವನನ್ನು ಗಾಣಕ್ಕೆ ಕಬ್ಬು ಕೊಡಲು ನಿಲ್ಲಿಸಿದ. ಗಾಣ ಕಚ್ಚಿಕೊಂಡರೆ ಆ ಕ್ಷಣವೇ ಕೈ ತಡೆಯಬೇಕು. ಅಲ್ಲಿ ಅವನನ್ನು ಮೀರಿಸುವವರಿಲ್ಲ. ಆ ವರ್ಷ ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಹೊಸ ಬೆಲ್ಲದ ಪಾಯಸ ಉಂಡರು."

ಮರುಳಸಿದ್ಧನ ಮುಖ ಅರಳಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೆರಳು ಮಡಿಸುತ್ತ ಹೇಳಿದ: "ನೋಡದೆ ಹಾಕುವುದು, ನೋಡಿದೊಡನೆ ಹಾಕುವುದು, ನೋಡಿ ಹಾಕಿ ಕಾಯುವುದು. ತಿಳಿಯಿತು ಗುರುಗಳೇ! ಗಂಟೆ ಹೊಡೆಯಲು ಮೊದಲನೆಯವನೇ ಸರಿ, ಮಕ್ಕಳನ್ನು ಸಾಕಲು ಆ ತಾಯಿಯೇ ಸರಿ. ನಾನು ಎರಡಕ್ಕೂ ಗಂಟೆಯನ್ನೇ ನಂಬಿದ್ದೆ. ಇನ್ನು ಹಾಗೆ ಮಾಡುವುದಿಲ್ಲ."

"ಸಂತೋಷ" ಎಂದರು ಗುರುಗಳು. ಮರುಳಸಿದ್ಧ ನಮಸ್ಕರಿಸಿ ಹೊರಡಲು ಎದ್ದ. ಹೊಸ್ತಿಲು ದಾಟುವಾಗ ಅವರು ಕೇಳಿದರು:

"ಓಡಿಹೋದ ಹುಡುಗ ಹಿಂದಿನ ದಿನ ಉಂಡಿದ್ದನೇ? ನೀನು ನೋಡಿದ್ದೆಯಾ?"