ಹೊಸ ಮೆಟ್ಟು, ಬಾತ ಬೆರಳು

“ಗುರುಗಳೇ, ಮಠದ ಅಡುಗೆಯವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವನನ್ನು ಕಳಿಸಿಬಿಟ್ಟರೆ ನನ್ನ ಸಿಟ್ಟು ಇಳಿಯುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಆ ಮಾತಿಗೆ ಗುರುಗಳಿಗೇ ಸಿಟ್ಟು ಬಂತು. “ಕೂತುಕೋ, ಕೇಳು” ಎಂದು ಕತೆ ಹೇಳತೊಡಗಿದರು.

ಒಬ್ಬ ಗೌಡನಿದ್ದ. ಪ್ರತಿ ವರ್ಷ ಆಯುಧಪೂಜೆಯ ದಿನ ಊರಿನ ಮೆಟ್ಟು ಹೊಲಿಯುವವನು ಹೊಸ ಜೋಡು ತಂದು ಗೌಡನ ಕಾಲಿಗೆ ತೊಡಿಸಬೇಕು. ಮಾರನೆಯ ದಿನ ಬೇಟೆ. ಆಮೇಲೆ ಮೂರು ದಿನ ಕಾಡುಹಂದಿಯ ಮಾಂಸ, ಅದರ ಈಲಿ, ಗುಂಡಿಗೆ, ಕೊಡಗಟ್ಟಲೆ ಹೆಂಡ. ಅದು ಪದ್ಧತಿ.

ಒಂದು ವರ್ಷ ಊಟ ಮುಗಿದ ಮೇಲೆ ಗೌಡನ ಕಾಲಿನ ಹೆಬ್ಬೆರಳು ಬಾತಿತು. ಕೆಂಪಗಾಗಿ ಕೆಂಡದಂತೆ ಸುಡುತ್ತಿತ್ತು. ಹೊದಿಕೆ ತಾಗಿದರೂ ಚೀರುವಷ್ಟು ನೋವು. ಗೌಡ ಹೊಸ ಜೋಡನ್ನು ನೋಡಿದ. ಕಾರಣ ಸಿಕ್ಕಿತು. ಹೊಲಿದವನನ್ನು ಕರೆಸಿ ಬಾಯಿಗೆ ಬಂದಂತೆ ಬೈದ. ಹತ್ತು ದಿನಕ್ಕೆ ಬಾವು ತಾನಾಗಿ ಇಳಿಯಿತು. ಬೈದದ್ದರಿಂದಲೇ ಇಳಿಯಿತು ಎಂದುಕೊಂಡ, ಆ ಮೂರ್ಖ.

ಮರುವರ್ಷವೂ ಹಾಗೇ ಆಯಿತು. ಜೋಡನ್ನು ಹೊಲಿದವನ ತಲೆಯ ಮೇಲೇ ಹೊರಿಸಿ ಬಿಸಿಲಲ್ಲಿ ನಿಲ್ಲಿಸಿದ. ಮತ್ತೆ ಹತ್ತು ದಿನಕ್ಕೆ ಇಳಿಯಿತು.

ಮೂರನೆಯ ವರ್ಷ ಬೆರಳು ಬಾತಾಗ ಅವನನ್ನು ಎಳೆತಂದರು.

“ಯಜಮಾನ್ರೇ, ಒಂದು ತಿಂಗ್ಳು ಎಣ್ಣೆ ತಿಕ್ಕಿ ಹದ ಮಾಡಿದ ತೊಗಲು. ಒಳಗೆ ಒಂದು ಮೊಳೆ ಇಲ್ಲ. ನೀವೇ ಕೈ ಹಾಕಿ ನೋಡಿ” ಎಂದ ಅವನು.

ಗೌಡ ನೋಡಲಿಲ್ಲ. ಅವನ ಬಲಗೈಯನ್ನು ಕಲ್ಲಿನ ಮೇಲೆ ಇಡಿಸಿ ಆಳುಗಳಿಂದ ಜಜ್ಜಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಬರೆಯಲ್ಲಿ ಮುಗಿಯಲಿಲ್ಲ. ಆ ಕೈ ಮತ್ತೆ ಉಳಿ ಹಿಡಿಯಲಿಲ್ಲ. ಒಂದು ಸಂಸಾರದ ಅನ್ನ ಆ ಕೈಯಲ್ಲಿತ್ತು. ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾಲ್ಕನೆಯ ವರ್ಷ ಹೊಸ ಜೋಡು ಹೊಲಿಯುವವರು ಇರಲಿಲ್ಲ. ಗೌಡ ಬರಿಗಾಲಲ್ಲೇ ಪೂಜೆಗೆ ನಿಂತ. ಹಬ್ಬದೂಟ ಮಾತ್ರ ಎಂದಿನಂತೆ ಉಂಡ. ಬೆರಳು ಬಾತಿತು, ಜೊತೆಗೆ ಮೊಣಕಾಲೂ ಬಾತಿತು. ಬೈಯಲು ಯಾರೂ ಸಿಗದೆ ಒಬ್ಬ ಮುದುಕಿ ವೈದ್ಯೆಯನ್ನು ಕರೆಸಿದ.

ಅವಳು ಕಾಲನ್ನು ದಿಟ್ಟಿಸಿದಳು. ಗಾಯವಿರಲಿಲ್ಲ. ಗೌಡನ ಕಿವಿಯಂಚಿನಲ್ಲಿ ಗಟ್ಟಿ ಗಂಟೊಂದಿತ್ತು. ಅದನ್ನು ಸೂಜಿಯಿಂದ ಚುಚ್ಚಿದಾಗ ಸುಣ್ಣದಂಥ ಬಿಳಿ ಹಿಟ್ಟು ಬಂತು.

“ನಿಮ್ಮಪ್ಪನಿಗೂ ಹಿಂಗೇ ಬರ್ತಿತ್ತಾ?”

“ಬರ್ತಿತ್ತು.”

“ಹಂಗಾದ್ರೆ ಯಾವ ಮೆಟ್ಟಿನ ಮಾತು ಗೌಡ್ರೇ? ಇದು ನಿಮ್ಮ ರಕ್ತದಾಗಿದ್ದ ನಂಜು. ಅದೇ ಹರಳುಗಟ್ಟಿ ಕೀಲಿನಾಗೆ ಕೂತೈತೆ. ಅರ್ಧ ಅಪ್ಪ ಕೊಟ್ಟಿದ್ದು, ಅರ್ಧ ನೀವು ತಿಂದು ಕುಡಿದು ಬೆಳೆಸಿದ್ದು” ಎಂದು ಮುದುಕಿ ಗದರಿದಳು.

ಕಾಲು ತಿಕ್ಕಬೇಡಿ, ನಡೆಯಬೇಡಿ, ತಣ್ಣೀರ ಬಟ್ಟೆ ಹಾಕಿ ಎಂದಳು. ಒಂದು ಕಹಿ ಬೇರನ್ನು ಅಳೆದು ಅಳೆದು ಕೊಟ್ಟಳು. ಹೆಂಡ, ಈಲಿ, ಗುಂಡಿಗೆ ಬಿಡಿಸಿದಳು. ನೀರು ಹೆಚ್ಚು ಕುಡಿಸಿದಳು. ನಾಲ್ಕು ದಿನಕ್ಕೆ ಬಾವು ಇಳಿಯಿತು. ಪಥ್ಯ ಹಿಡಿದ ಗೌಡನಿಗೆ ಮುಂದಿನ ಹಬ್ಬದಲ್ಲಿ ನೋವು ಬರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ತಿಳಿಯಿತು ಗುರುಗಳೇ. ಉರಿ ಇರುವುದು ಅಡುಗೆಯವನಲ್ಲಿ ಅಲ್ಲ, ನನ್ನೊಳಗೆ. ಗೌಡ ಗುಣವಾದಂತೆ ನಾನೂ ಗುಣವಾಗಬೇಕು. ನನಗೂ ಅಂಥ ಒಂದು ಮದ್ದು ಹೇಳಿ” ಎಂದ.

ಗುರು ಅವನನ್ನೇ ದುರುಗುಟ್ಟಿ ನೋಡಿದರು.

“ಗೌಡನ ಕಾಲಿನ ಮದ್ದು ಕೇಳಿದೆಯಲ್ಲ, ಕೈ ಜಜ್ಜಿಸಿಕೊಂಡವನು ಏನಾದ ಎಂದು ಯಾಕೆ ಕೇಳಲಿಲ್ಲ?”