ಮಂಗಟ್ಟೆರಾಯ ಕಟ್ಟಿಸಿದ ರಂಗಮಂಟಪ

ಒಂದು ಕಾಡಿನ ನಡುವೆ ಹೊಳೆ ಎರಡು ಕವಲಾಗಿ ಹರಿಯುತ್ತಿತ್ತು. ಕವಲುಗಳ ನಡುವೆ ಪುಟ್ಟ ನಡುಗಡ್ಡೆ. ಅಲ್ಲೊಂದು ದೊಡ್ಡ ಅತ್ತಿಮರ. ಹೊಳೆಯಲ್ಲಿ ಮೊಸಳೆಗಳಿದ್ದುದರಿಂದ ರೆಕ್ಕೆಯಿದ್ದವರಿಗೆ ಮಾತ್ರ ಅದರ ಹಣ್ಣು.

ಹೊಳೆಯ ಈಚೆ ದಡದಲ್ಲಿ ಒಂದು ಹಾಸುಬಂಡೆ. ಮಳೆಗಾಲದ ಮೊದಲ ಮೋಡ ಕವಿದ ದಿನ ನವಿಲಣ್ಣ ಆ ಬಂಡೆಯ ಮೇಲೆ ಗರಿ ಬಿಚ್ಚಿ ಕುಣಿಯುತ್ತಿದ್ದ. ಕಾಡಿನವರೆಲ್ಲ ಸುತ್ತ ಕೂತು ನೋಡುತ್ತಿದ್ದರು. ಹಿಂದಿನಿಂದಲೂ ಹಾಗೇ ನಡೆದುಬಂದಿತ್ತು.

ಬಂಡೆಯಿಂದ ಕೂಗಳತೆಯಲ್ಲಿ, ಹಳೆಯ ಮರದ ಪೊಟರೆಯೊಂದರಲ್ಲಿ ಮಂಗಟ್ಟೆರಾಯನ ಸಂಸಾರ. ಮಕ್ಕಳೇ, ಮಂಗಟ್ಟೆ ಹಕ್ಕಿಯನ್ನು ನೀವು ಕಂಡಿರಬಹುದು. ದೊಡ್ಡ ಹಳದಿ ಕೊಕ್ಕು, ಅದರ ಮೇಲೆ ಪೇಟ ಇಟ್ಟಂಥ ಉಬ್ಬು. ಈ ಹಕ್ಕಿಗಳ ಮನೆತನದ ರೀತಿಯೇ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಹೋಗಿ ಕೂತು, ಬಾಗಿಲಿಗೆ ಮಣ್ಣು ಮೆತ್ತಿ ಗೋಡೆ ಮಾಡಿಕೊಳ್ಳುತ್ತದೆ. ಕೊಕ್ಕಿನ ತುದಿ ತೂರುವಷ್ಟು ಒಂದು ಕಿಂಡಿ ಉಳಿಯುತ್ತದೆ, ಅಷ್ಟೇ. ಒಳಗೆ ಕೂತವಳ ರೆಕ್ಕೆಯ ಗರಿಗಳು ಉದುರಿಹೋಗುತ್ತವೆ. ಹಾರಲಾರಳು. ಅವಳಿಗೂ ಮರಿಗಳಿಗೂ ಗಂಡ ತಂದುಕೊಟ್ಟದ್ದೇ ಅನ್ನ. ಭಗವಂತ ಒಬ್ಬೊಬ್ಬರ ಹೆಗಲಿಗೆ ಒಂದೊಂದು ಹೊರೆ ಇಟ್ಟಿರುತ್ತಾನೆ. ಮಂಗಟ್ಟೆಯ ಹೊರೆ ಇದು.

ಆ ವರ್ಷ ಒಳಗೆ ಹೆಂಡತಿ ಹೊನ್ನಿ, ಎರಡು ಮರಿಗಳು. ಮಂಗಟ್ಟೆರಾಯ ಬೆಳಗ್ಗೆ ಎದ್ದು ಸೂರ್ಯನಿಗೆ ತಲೆಬಾಗಿ ಅತ್ತಿಮರಕ್ಕೆ ಹಾರುವನು. ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದು ಒಂದೊಂದಾಗಿ ಕಿಂಡಿಗೆ ಕೊಡುವನು. ಒಳ್ಳೆಯ ಗೃಹಸ್ಥನೇ. ಆದರೆ ಯಾರಾದರೂ "ರಾಯರೇ, ನೀವಿಲ್ಲದೆ ಆಗುತ್ತದೆಯೇ?" ಎಂದರೆ ಸಾಕು, ಅವನ ಕತ್ತು ಒಂದು ಗೇಣು ಉದ್ದವಾಗುತ್ತಿತ್ತು.

ಒಂದು ದಿನ ಉದ್ದ ಬಾಲದ ಕೋತಿಗಳಾದ ಮುಸುವಗಳ ಯಜಮಾನ ಮುಸುವಪ್ಪ ಬಂದು ಕೊಂಬೆಯ ಮೇಲೆ ಕೂತ.

"ರಾಯರೇ, ಆಚೆ ದಡದವರು ಏನೆಂದರು ಗೊತ್ತೇ? ನಿಮ್ಮ ನವಿಲು ಬರಿಬಂಡೆಯ ಮೇಲೆ ಕುಣಿಯುತ್ತದಂತೆ, ಒಂದು ರಂಗಮಂಟಪ ಕಟ್ಟಿಸುವಂಥ ದೊಡ್ಡವರು ನಿಮ್ಮಲ್ಲಿ ಯಾರೂ ಇಲ್ಲವೇ ಅಂತ."

"ಹಾಗೆಂದರೇ?"

"ಎಂದರು. ನನ್ನ ಮುಖ ಮೊದಲೇ ಕಪ್ಪು, ಇನ್ನೂ ಕಪ್ಪಾಯಿತು. ಬಿದಿರು ನಾವು ತರುತ್ತೇವೆ, ಬಳ್ಳಿ ನಾವು ಬಿಗಿಯುತ್ತೇವೆ. ನಮ್ಮವರಿಗೆ ಕೂಲಿ ಅಂತ ನಾಲ್ಕು ಅತ್ತಿಹಣ್ಣು ಕೊಡುವವರು ಬೇಕು. ನಡುಗಡ್ಡೆಗೆ ಹೋಗಬಲ್ಲ ಅಂಥ ಕೊಕ್ಕು ಈ ಕಾಡಿನಲ್ಲಿ ಇನ್ನಾರಿಗಿದೆ? ಮುಂದಿನ ಆಸನ ನಿಮ್ಮದೇ."

ಮಂಗಟ್ಟೆರಾಯ ಒಪ್ಪಿದ.

ಮೊದಮೊದಲು ಮನೆಗೆ ಹೋಗುವ ದಾರಿಯಲ್ಲಿ ಎರಡು ಹಣ್ಣು ಮುಸುವಗಳಿಗೆ ಉಗುಳುತ್ತಿದ್ದ. ಬಂಡೆಯಿಂದ ಸ್ವಲ್ಪ ದೂರದಲ್ಲಿ ಅಟ್ಟ ಎದ್ದಿತು. "ಹಿಂದೆ ಕೂತವರಿಗೆ ಕಾಣಬೇಡವೇ? ಇನ್ನೂ ಎತ್ತರವಾಗಲಿ" ಎಂದ ಮುಸುವಪ್ಪ. ಎರಡು ಹಣ್ಣು ನಾಲ್ಕಾಯಿತು. ಆಮೇಲೆ ಕಂಬ. ಕಂಬ ನಿಂತ ಮೇಲೆ ಅದಕ್ಕೆ ಹೂಬಳ್ಳಿಯ ಅಲಂಕಾರ. "ಇಷ್ಟು ಮಾಡಿದ ಮೇಲೆ ಅರ್ಧಕ್ಕೆ ಬಿಡುವುದೇ, ರಾಯರೇ? ನೋಡಿದವರು ಏನೆಂದಾರು?" ಈಗ ಮನೆಗೆ ಹೋಗುವ ಹಣ್ಣಿಗಿಂತ ಮಂಟಪಕ್ಕೆ ಹೋಗುವುದೇ ಹೆಚ್ಚಾಯಿತು.

"ಏನೂಂದ್ರೆ, ಇವತ್ತೂ ಮೂರೇ ಹಣ್ಣೇ?" ಎಂದು ಕಿಂಡಿಯೊಳಗಿಂದ ಹೊನ್ನಿ ಕೇಳಿದಳು.

"ಈ ಸಲ ಮರ ಸರಿಯಾಗಿ ಹಣ್ಣು ಬಿಟ್ಟಿಲ್ಲ. ನಾನೇನು ಮಾಡಲಿ?"

"ಅಯ್ಯೋ, ಹಾಗಾದರೆ ನೀವು ಉಪವಾಸವೇ ಇದ್ದೀರೇನೋ! ಮರಿಗಳಿಗೆ ಎರಡು ಸಾಕು. ಇದನ್ನು ನೀವು ತಿನ್ನಿ." ಅವಳು ಒಂದು ಹಣ್ಣನ್ನು ಕಿಂಡಿಯಿಂದ ಹೊರಕ್ಕೆ ಚಾಚಿದಳು.

ಬೇಡ ಎಂದರೆ ಸುಳ್ಳು ಬಯಲಾಗುತ್ತದೆ. ಮಂಗಟ್ಟೆರಾಯ ಹಣ್ಣನ್ನು ತೆಗೆದುಕೊಂಡ. ತಿನ್ನಲು ಮನಸ್ಸು ಬರಲಿಲ್ಲ. ಹಾಗೇ ಹಾರಿಹೋಗಿ ಅದನ್ನೂ ಮುಸುವಗಳಿಗೆ ಕೊಟ್ಟ.

ಪೊಟರೆಯಿದ್ದ ಮರದಲ್ಲೇ ವಾಸವಾಗಿದ್ದ ಕೆಂಜಳಿಲಕ್ಕ ಇದನ್ನೆಲ್ಲ ನೋಡುತ್ತಿದ್ದಳು.

"ರಾಯರೇ, ಮರಿಗಳು ಅಳುವುದು ನನ್ನ ಗೂಡಿನ ತನಕ ಕೇಳುತ್ತದೆ."

"ಕಾಡಿನ ಕೆಲಸ ಅಂದಮೇಲೆ ಮನೆಯವರು ಸ್ವಲ್ಪ ತಡೆದುಕೊಳ್ಳಬೇಕು, ಅಕ್ಕ."

"ಹೆಸರು ನಿಮಗೆ, ತಡೆದುಕೊಳ್ಳುವುದು ಅವರೇ?"

"ನಿನಗೆ ಇದೆಲ್ಲ ತಿಳಿಯುವುದಿಲ್ಲ" ಎಂದು ಮಂಗಟ್ಟೆರಾಯ ರೆಕ್ಕೆ ಬಡಿದ.

ಪಡುವಣ ಗಾಳಿ ಬೀಸತೊಡಗಿತು. ಮುಸುವಪ್ಪ ಓಡಿಬಂದ. "ಮಳೆ ಹತ್ತಿರ ಬಂತು, ಇನ್ನೂ ಮೇಲೆ ಮಾಡು ಹೊದಿಸಿಲ್ಲ! ಸೂರಿಲ್ಲದ ಮಂಟಪಕ್ಕೂ ಬರಿಬಂಡೆಗೂ ಏನು ವ್ಯತ್ಯಾಸ? ನಮ್ಮವರೆಲ್ಲ ಎರಡು ದಿನ ಬೆನ್ನು ನೆಟ್ಟಗೆ ಮಾಡದೆ ದುಡಿಯುತ್ತಾರೆ. ಆ ಎರಡು ದಿನದ ಹಣ್ಣು ಪೂರಾ ಇಲ್ಲಿಗೇ ಬರಲಿ."

"ಪೂರಾ ಎಂದರೆ ಹೇಗೆ? ಮನೆಯಲ್ಲಿ..."

"ನಿಮ್ಮಿಷ್ಟ. ಆಚೆ ದಡದವರಿಗೆ ನಮ್ಮ ರಾಯರ ಕೈಲಿ ಆಗಲಿಲ್ಲ ಎಂದು ಹೇಳಿಬಿಡುತ್ತೇನೆ."

ಎರಡೇ ದಿನ ತಾನೇ ಎಂದುಕೊಂಡ ಮಂಗಟ್ಟೆರಾಯ. ಮೂರನೆಯ ದಿನ ಗಂಟಲ ತುಂಬ ಕೊಂಡೊಯ್ದರಾಯಿತು. ಆ ಎರಡು ದಿನ ಅವನು ಮನೆಯ ಮರದ ಮೇಲೆ ಹಾರಲಿಲ್ಲ. ಮರಿಗಳ ಕೂಗು ಕೇಳದಿರಲೆಂದು ಹೊಳೆಯ ಕೆಳಹರಿವಿನ ಕಡೆಯಿಂದ ಬಳಸಿಕೊಂಡು ಹೋದ.

ಮೂರನೆಯ ದಿನ ಬೆಳಗ್ಗೆಯೇ ಮೋಡ ಕವಿಯಿತು. ಮುಸುವಪ್ಪ ಅವನನ್ನು ಮನೆಗೆ ಹೋಗಗೊಡಲಿಲ್ಲ. "ಕಟ್ಟಿಸಿದವರೇ ಇಲ್ಲದೆ ಆರಂಭ ಮಾಡುವುದೇ?" ಕತ್ತಿಗೆ ಕಾಡುಮಲ್ಲಿಗೆಯ ಹಾರ ಬಿತ್ತು. ಮುಂದಿನ ಆಸನದಲ್ಲಿ ಮಂಗಟ್ಟೆರಾಯ ಎದೆಯುಬ್ಬಿಸಿ ಕೂತ. ಕಾಡೆಲ್ಲ ನೆರೆದಿತ್ತು.

ನವಿಲಣ್ಣ ಅಟ್ಟ ಹತ್ತಿದ. ದುಂಡುಬಿದಿರಿನ ಮೇಲೆ ಕಾಲು ಜಾರಿತು. ಗರಿ ಬಿಚ್ಚಿದ, ಅದು ಕಂಬಕ್ಕೆ ತಗುಲಿತು. ಮುದುರಿಕೊಂಡು ಸುಮ್ಮನೆ ನಿಂತು ಮೇಲೆ ನೋಡಿದ. ಮತ್ತೆ ನೋಡಿದ.

"ಕುಣಿಯಣ್ಣ!" ಎಂದರು ಎಲ್ಲರೂ.

"ಹೇಗೆ ಕುಣಿಯಲಿ? ಮೇಲೆ ಮಾಡು ಮುಚ್ಚಿದ್ದೀರಿ. ಮೋಡ ಕಾಣದೆ ನನ್ನ ಕಾಲು ಏಳುವುದಿಲ್ಲ. ಯಾರಪ್ಪ ಇದನ್ನು ಕಟ್ಟಿಸಿದ್ದು? ನನ್ನನ್ನು ಒಂದು ಮಾತು ಕೇಳಬಾರದಿತ್ತೇ?"

ಹೀಗೆಂದು ನವಿಲಣ್ಣ ಕೆಳಗೆ ಹಾರಿ ತನ್ನ ಹಾಸುಬಂಡೆಗೆ ಹೋದ. ನಗುತ್ತ ಕಾಡೆಲ್ಲ ಅವನ ಹಿಂದೆ ಹೋಯಿತು. ಮುಸುವಗಳೇ ಎಲ್ಲರಿಗಿಂತ ಮುಂದೆ.

"ಮುಸುವಪ್ಪ, ನಿಲ್ಲು! ಇದೇನಿದು?"

"ಕಟ್ಟಿಸಿದವರು ನೀವು, ರಾಯರೇ. ನಾವು ಕೂಲಿಯವರು" ಎಂದು ಮುಸುವಪ್ಪ ತಿರುಗಿಯೂ ನೋಡದೆ ಹೋದ.

ಮಂಗಟ್ಟೆರಾಯ ಹಾರ ಕಿತ್ತೆಸೆದು ನಡುಗಡ್ಡೆಗೆ ಹಾರಿದ. ಹಿಂದೆಂದೂ ತುಂಬಿಕೊಳ್ಳದಷ್ಟು ಹಣ್ಣು ಗಂಟಲಿಗೆ ತುಂಬಿಕೊಂಡು ಮನೆಗೆ ಬಂದ.

ಪೊಟರೆಯ ಗೋಡೆ ಒಡೆದಿತ್ತು. ಒಳಗೆ ಎರಡು ಮರಿಗಳು ಒಂದಕ್ಕೊಂದು ಆತುಕೊಂಡು ಮಲಗಿದ್ದವು. ಅವನು ಕೊಕ್ಕಿನಿಂದ ಒಂದು ಹಣ್ಣು ಮುಂದೆ ಹಿಡಿದ. ಬಾಯಿ ತೆರೆಯಲಿಲ್ಲ. ಮುಟ್ಟಿ ನೋಡಿದ. ತಣ್ಣಗಿದ್ದವು.

ಕೆಂಜಳಿಲಕ್ಕ ಕೊಂಬೆಯ ತುದಿಯಲ್ಲಿ ಕೂತಿದ್ದಳು.

"ನಿನ್ನೆ ಸಂಜೆ ಹೊನ್ನಿ ಗೋಡೆ ಒಡೆದಳು. ನಿಮಗೇನೋ ಆಪತ್ತು ಬಂದಿರಬೇಕು, ಇಲ್ಲದಿದ್ದರೆ ಬಾರದೇ ಇರುವವರಲ್ಲ ಅಂದಳು. ಹಾರಲು ಗರಿಯಿಲ್ಲ. ಬಿದ್ದು ಎದ್ದು ಕೆಳಗಿಳಿದಳು, ಮರಿಗಳಿಗೆ ಏನಾದರೂ ಹುಡುಕುತ್ತೇನೆ ಅಂತ. ನಾನೂ ಕಾಯಿ ಹುಡುಕಿ ತಂದೆ, ಬರುವಷ್ಟರಲ್ಲಿ ಹೀಗಾಗಿತ್ತು. ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನೀವೇ ಹೇಳಿ."

ಮಂಗಟ್ಟೆರಾಯ ಕೆಳಗಿಳಿದ. ಬೇರಿನ ಹತ್ತಿರ ಹೊನ್ನಿ ನಿಂತಿದ್ದಳು. ಮೈಯೆಲ್ಲ ಮಣ್ಣು, ಮೋಟು ರೆಕ್ಕೆ. ಅವನನ್ನು ಕಂಡು ಅವಳ ಕಣ್ಣು ಅರಳಿತು. ಕೊಕ್ಕಿನಲ್ಲಿದ್ದ ಒಂದು ಜೀರುಂಡೆಯನ್ನು ಅವನ ಮುಂದೆ ಇಟ್ಟಳು.

"ಬಂದಿರಾ? ದೇವರು ದೊಡ್ಡವನು. ರಾತ್ರಿಯೆಲ್ಲ ಹುಡುಕಿದ್ದಕ್ಕೆ ಇದೊಂದು ಸಿಕ್ಕಿತು. ನನಗೆ ಮೇಲೆ ಹತ್ತಲು ಆಗುತ್ತಿಲ್ಲ. ಬೇಗ ಹೋಗಿ ಮರಿಗಳಿಗೆ ಕೊಡಿ."

ಹಾಸುಬಂಡೆಯ ಕಡೆಯಿಂದ "ಭೇಷ್! ಭೇಷ್!" ಎಂದು ಕಾಡಿನವರು ಕೂಗುವುದು ಕೇಳುತ್ತಿತ್ತು. ಮಂಗಟ್ಟೆರಾಯನ ಗಂಟಲ ತುಂಬ ಹಣ್ಣು. ಅವನು ಜೀರುಂಡೆಯನ್ನೇ ನೋಡುತ್ತ ನಿಂತ.

"ಯಾಕೆ ಹಾಗೇ ನಿಂತಿರಿ? ಹೋಗಿ" ಎಂದಳು ಹೊನ್ನಿ.

ನೀತಿ: ಹತ್ತು ಜನರ ಹೊಗಳಿಕೆಗಾಗಿ ಏನನ್ನಾದರೂ ಕಟ್ಟಿಸುವ ಮೊದಲು, ಅದರ ಖರ್ಚು ಯಾರ ಬಾಯಿಯ ತುತ್ತಿನಿಂದ ಹೋಗುತ್ತಿದೆ ಎಂದು ನೋಡಿಕೊಳ್ಳಬೇಕು; ನಮ್ಮನ್ನೇ ನಂಬಿ ಕೂತವರ ಹಸಿವು ನಮಗೆ ಬಿಡುವಾಗುವ ತನಕ ಕಾಯುವುದಿಲ್ಲ.